ಜೈನ ಇತಿಹಾಸದಲ್ಲಿ ಚಿತ್ರಶಾಲೆ: ಶ್ರಾವಕನಿಗೆ ಚಿತ್ರಕಲೆ ಸಲ್ಲುವುದೇ?

ವ್ಯಾಪಾರ ಅಥವಾ ಉದ್ಯೋಗದಿಂದ ಬಿಡುವು ದೊರೆತಾಗ ಕಲಾ ಪ್ರದರ್ಶನಗಳಿಗೆ ಹೋಗಿಬರುವುದು, ಮನೆಯಲ್ಲಿ ಕುಳಿತು ತಾವೇ ಚಿತ್ರ ಬರೆಯುವುದು ನಮ್ಮ ಸಮಾಜದ ಅನೇಕ ಕುಟುಂಬಗಳಲ್ಲಿ ಈಗ ಕಾಣಬರುವ ಹವ್ಯಾಸಗಳು. ಮಕ್ಕಳು ಶಾಲೆಯಲ್ಲಿ ಕಲಿತುಬಂದುದನ್ನು ಮನೆಯಲ್ಲಿ ಮುಂದುವರಿಸುತ್ತಾರೆ. ಗೃಹಿಣಿಯರು ಮಧ್ಯಾಹ್ನದ ವಿರಾಮದಲ್ಲಿ ಬಣ್ಣ ಹಿಡಿಯುತ್ತಾರೆ. ನಿವೃತ್ತರಾದವರು ಎಳೆಯರಂತೆ ಹೊಸದಾಗಿ ಕುಂಚವನ್ನು ಕೊಳ್ಳುತ್ತಾರೆ. ಇದನ್ನು ಕಂಡು ಸಂತೋಷಪಡುವವರಿರುವಂತೆ ಸಂಶಯಪಡುವವರೂ ಇದ್ದಾರೆ. ಸ್ವಾಧ್ಯಾಯ ಗೋಷ್ಠಿಗಳಲ್ಲಿ ಈ ಮಾತು ಬಂದಾಗಲೆಲ್ಲ ಎರಡು ಆಕ್ಷೇಪಗಳು ಕೇಳಿಬರುತ್ತವೆ.

ಮೊದಲನೆಯದು, ಪ್ರಯೋಜನವಿಲ್ಲದ ಕಾರ್ಯದಲ್ಲಿ ಕಾಲವನ್ನೂ ದ್ರವ್ಯವನ್ನೂ ಕಳೆಯುವುದು ಶ್ರಾವಕನಿಗೆ ವರ್ಜ್ಯವಾದ ಅನರ್ಥದಂಡವಾಗುವುದಿಲ್ಲವೇ ಎಂಬುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಅನರ್ಥದಂಡಗಳನ್ನು ಐದಾಗಿ ವಿಂಗಡಿಸಿದ್ದಾರೆ. ಚಿತ್ರ ಬರೆಯುವ ಹವ್ಯಾಸವು ಕೊನೆಯದಾದ ಪ್ರಮಾದಚರ್ಯೆಗೆ ಸೇರುತ್ತದೆಂಬುದು ಆಕ್ಷೇಪಿಸುವವರ ಅಭಿಪ್ರಾಯ. ಎರಡನೆಯದು, ರೂಪಕ್ಕೆ ಮರುಳಾಗಿ ದೀಪದಲ್ಲಿ ಬೀಳುವ ಪತಂಗದ ದೃಷ್ಟಾಂತವನ್ನು ನೆನೆದು, ಕಣ್ಣಿಗೆ ಹಬ್ಬವಾದುದೆಲ್ಲ ಆತ್ಮಕ್ಕೆ ಬಂಧನವೆಂದು ಹೇಳುವುದು.

ಈ ಆಕ್ಷೇಪಗಳನ್ನು ಹಗುರವಾಗಿ ತಳ್ಳಿಹಾಕುವುದು ಉಚಿತವಲ್ಲ. ಆದರೆ ಇವುಗಳಿಗೆ ಉತ್ತರವನ್ನು ನಮ್ಮ ಇಂದಿನ ಅಭಿರುಚಿಯಿಂದ ಕೊಡುವುದಕ್ಕಿಂತ ನಮ್ಮ ಪರಂಪರೆಯ ಇತಿಹಾಸದಿಂದ ಪಡೆಯುವುದು ಮೇಲು. ನಾನು ವಾಣಿಜ್ಯಶಾಸ್ತ್ರವನ್ನು ಓದಿ ಅಂಗಡಿಯ ಲೆಕ್ಕಪತ್ರಗಳ ನಡುವೆ ಬೆಳೆದವನು. ಕಲಾವಿಮರ್ಶೆ ನನ್ನ ಕ್ಷೇತ್ರವಲ್ಲ. ಪುರಾಣ, ಶಾಸನ, ಓಲೆಗರಿ, ಬಸದಿಯ ಗೋಡೆ ಇವುಗಳು ಈ ವಿಷಯದಲ್ಲಿ ಏನು ಹೇಳುತ್ತವೆ ಎಂಬ ಜಮಾಖರ್ಚನ್ನು ಧರ್ಮಬಂಧುಗಳ ಮುಂದಿಡುವುದಷ್ಟೇ ಈ ಲೇಖನದ ಉದ್ದೇಶ.

ಆದಿನಾಥರು ಕಲಿಸಿದ ವಿದ್ಯೆ

ಭೋಗಭೂಮಿಯು ಅಳಿದು ಕರ್ಮಭೂಮಿಯು ಆರಂಭವಾದಾಗ ಪ್ರಜೆಗಳ ಜೀವನಕ್ಕಾಗಿ ಭಗವಾನ್ ಋಷಭದೇವರು ಅಸಿ, ಮಸಿ, ಕೃಷಿ, ವಿದ್ಯಾ, ವಾಣಿಜ್ಯ, ಶಿಲ್ಪ ಎಂಬ ಆರು ಕರ್ಮಗಳನ್ನು ಬೋಧಿಸಿದರೆಂಬುದು ನಮಗೆಲ್ಲ ತಿಳಿದ ವಿಷಯ. ವಾಣಿಜ್ಯವೂ ಶಿಲ್ಪವೂ ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕದಲ್ಲಿ ನಿಂತಿವೆ ಎಂಬುದನ್ನು ವ್ಯಾಪಾರಿಗಳಾದ ನಾವು ಮರೆಯಬಾರದು. ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕವನ್ನೂ ಕಲಿಸಿದ ಪ್ರಸಂಗವನ್ನು ನಮ್ಮ ಮಕ್ಕಳು ಪಾಠಶಾಲೆಯಲ್ಲಿ ಕಲಿಯುತ್ತಾರೆ. ಅದೇ ಸಂದರ್ಭದಲ್ಲಿ ಪುತ್ರರಿಗೆ ಕಲಿಸಿದ ವಿದ್ಯೆಗಳ ವಿವರ ಅಷ್ಟು ಪ್ರಚಾರದಲ್ಲಿಲ್ಲ. 9ನೇ ಶತಮಾನದ ಜಿನಸೇನಾಚಾರ್ಯರ ಆದಿಪುರಾಣದ ಪ್ರಕಾರ ಭರತನಿಗೆ ಅರ್ಥಶಾಸ್ತ್ರ ಮತ್ತು ನೃತ್ಯಶಾಸ್ತ್ರ, ವೃಷಭಸೇನನಿಗೆ ಗಾಂಧರ್ವವಿದ್ಯೆ, ಅನಂತವಿಜಯನಿಗೆ ಚಿತ್ರಕಲೆ ಮತ್ತು ವಾಸ್ತುವಿದ್ಯೆ, ಬಾಹುಬಲಿಗೆ ಆಯುರ್ವೇದ, ಧನುರ್ವೇದ, ರತ್ನಪರೀಕ್ಷೆ ಮುಂತಾದವುಗಳನ್ನು ಸ್ವಾಮಿಯು ಉಪದೇಶಿಸಿದನು.

ಇಲ್ಲಿ ಗಮನಿಸಬೇಕಾದುದೊಂದಿದೆ. ಅನಂತವಿಜಯನು ರಾಜಪುತ್ರ. ಹೊಟ್ಟೆಪಾಡಿಗಾಗಿ ಚಿತ್ರ ಬರೆಯಬೇಕಾದ ಅಗತ್ಯ ಅವನಿಗಿರಲಿಲ್ಲ. ಜೀವನೋಪಾಯದ ಶಿಲ್ಪವನ್ನು ಪ್ರಜೆಗಳಿಗೆ ಬೋಧಿಸಿದ ಮಹಾಪುರುಷನು, ಜೀವನೋಪಾಯದ ಚಿಂತೆಯಿಲ್ಲದ ತನ್ನ ಮಗನಿಗೂ ಚಿತ್ರವಿದ್ಯೆಯನ್ನು ಕಲಿಸಿದನೆಂದು ಆಚಾರ್ಯರು ಬರೆದಿರುವಾಗ, ಸಂಪಾದನೆಯ ದೃಷ್ಟಿಯಿಲ್ಲದೆ ಚಿತ್ರ ಬರೆಯುವುದು ಜೈನ ಗೃಹಸ್ಥನಿಗೆ ಹೊರಗಿನಿಂದ ಬಂದ ಹವ್ಯಾಸವೆಂದು ಹೇಳುವುದು ಹೇಗೆ?

ಶ್ರೀಮತಿಯ ಚಿತ್ರಪಟ

ಅದೇ ಆದಿಪುರಾಣದಲ್ಲಿ, ಅದನ್ನು ಅನುಸರಿಸಿ 941ರಲ್ಲಿ ಕನ್ನಡದ ಆದಿಕವಿ ಪಂಪನು ರಚಿಸಿದ ಆದಿಪುರಾಣದಲ್ಲಿ ಬರುವ ಶ್ರೀಮತಿ-ವಜ್ರಜಂಘರ ಕಥೆಯು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ಪುಂಡರೀಕಿಣೀ ನಗರದ ವಜ್ರದಂತ ಚಕ್ರವರ್ತಿಯ ಮಗಳು ಶ್ರೀಮತಿಗೆ ಆಕಾಶದಲ್ಲಿ ಸಾಗುವ ದೇವತೆಗಳನ್ನು ಕಂಡು ಜಾತಿಸ್ಮರಣೆಯಾಗುತ್ತದೆ. ಹಿಂದಿನ ಜನ್ಮದಲ್ಲಿ ಸ್ವರ್ಗದಲ್ಲಿ ಲಲಿತಾಂಗದೇವನ ದೇವಿಯಾಗಿದ್ದ ತಾನು ಅವನನ್ನು ಈ ಜನ್ಮದಲ್ಲಿ ಎಲ್ಲಿ ಹುಡುಕಬೇಕೆಂದು ತಿಳಿಯದೆ ಮೌನ ಹಿಡಿಯುತ್ತಾಳೆ. ಕೊನೆಗೆ ತನ್ನ ಪೂರ್ವಭವದ ವೃತ್ತಾಂತವನ್ನು ತಾನೇ ಒಂದು ಪಟದಲ್ಲಿ ಚಿತ್ರಿಸಿ ದಾದಿ ಪಂಡಿತೆಯ ಕೈಗೆ ಕೊಡುತ್ತಾಳೆ. ಕೆಲವು ಸಂಗತಿಗಳು ಎಲ್ಲರಿಗೂ ತಿಳಿಯುವಂತೆಯೂ ಕೆಲವು ಗೂಢವಾಗಿಯೂ ಆ ಚಿತ್ರದಲ್ಲಿ ಇದ್ದವು.

ಪಂಡಿತೆಯು ಆ ಪಟವನ್ನು ಒಯ್ದು ಹರಡಿದ್ದು ಅರಮನೆಯ ಅಂತಃಪುರದಲ್ಲಲ್ಲ, ಮಹಾಪೂತವೆಂಬ ಜಿನಾಲಯಕ್ಕೆ ಸೇರಿದ ಪಟ್ಟಕಶಾಲೆಯಲ್ಲಿ. ಜಿನದರ್ಶನಕ್ಕೆ ಬಂದವರು ಅಲ್ಲಿಗೂ ಬಂದು ಚಿತ್ರವನ್ನು ನೋಡುತ್ತಿದ್ದರು, ಹೊಗಳುತ್ತಿದ್ದರು, ತಮತಮಗೆ ತೋಚಿದ ಅರ್ಥವನ್ನು ಹೇಳುತ್ತಿದ್ದರು. ರಾಜಕುಮಾರಿಯ ಆಸೆಯಿಂದ ತಮಗೂ ಪೂರ್ವಜನ್ಮದ ನೆನಪಾಯಿತೆಂದು ಸುಳ್ಳು ನುಡಿದವರು ಗೂಢಾರ್ಥವನ್ನು ಕೇಳಿದಾಗ ಉತ್ತರ ಹೇಳಲಾರದೆ ನಾಚಿ ಹಿಂದಿರುಗಿದರು. ಉತ್ಪಲಖೇಟದ ವಜ್ರಜಂಘನು ಬಂದಾಗ ಮೊದಲು ಜಿನೇಂದ್ರನನ್ನು ಪ್ರದಕ್ಷಿಣೆಮಾಡಿ ಪೂಜಿಸಿ, ಅನಂತರ ಪಟ್ಟಕಶಾಲೆಯನ್ನು ಹೊಕ್ಕು, ಚಿತ್ರವನ್ನು ಕಂಡೊಡನೆ ಮೂರ್ಛೆಹೋದನು. ಆ ಚಿತ್ರ ಅವನದೇ ಬಾಳಾಗಿತ್ತು.

ಈ ದಂಪತಿಗಳ ಜೀವವು ಮುಂದಿನ ಭವಗಳಲ್ಲಿ ಏನಾಯಿತೆಂಬುದು ವಾಚಕರಿಗೆ ತಿಳಿದೇ ಇದೆ. ವಜ್ರಜಂಘನು ಆದಿತೀರ್ಥಂಕರ ಋಷಭದೇವನಾದನು. ಶ್ರೀಮತಿಯು ಹಸ್ತಿನಾಪುರದಲ್ಲಿ ಆ ಸ್ವಾಮಿಗೆ ಇಕ್ಷುರಸದ ಪ್ರಥಮ ಆಹಾರದಾನ ಮಾಡಿದ ಶ್ರೇಯಾಂಸನಾದಳು. ಶ್ರೀಮತಿ-ವಜ್ರಜಂಘರಾಗಿದ್ದಾಗ ಚಾರಣಮುನಿಗಳಿಗೆ ನೀಡಿದ ಆಹಾರದಾನದ ಸ್ಮರಣೆಯಿಂದಲೇ ಶ್ರೇಯಾಂಸನಿಗೆ ದಾನವಿಧಿ ತಿಳಿಯಿತೆನ್ನುತ್ತದೆ ಪುರಾಣ. ನಾವು ಇಂದಿಗೂ ಆಚರಿಸುವ ಅಕ್ಷಯತೃತೀಯೆಯ ಹಿನ್ನೆಲೆಯನ್ನು ಹುಡುಕುತ್ತ ಹೋದರೆ, ಬಸದಿಯೊಂದರ ಶಾಲೆಯಲ್ಲಿ ಹರಡಿಟ್ಟ, ಕಲೆಯನ್ನು ವೃತ್ತಿಯಾಗಿ ನಡೆಸದ ಕನ್ನಿಕೆಯೊಬ್ಬಳು ಬರೆದ ಚಿತ್ರದ ಬಳಿಗೆ ಹೋಗಿ ನಿಲ್ಲುತ್ತೇವೆ.

ಪುರಾಣದ ಕಥೆಯನ್ನು ಇತಿಹಾಸದ ದಾಖಲೆಯಂತೆ ಎಣಿಸಲಾಗದು ಎಂದು ಯಾರಾದರೂ ಹೇಳಬಹುದು. ನಿಜ. ಆದರೆ ಕವಿಯು ಯಾವುದನ್ನು ಸಹಜವೆಂದು ಬರೆಯುತ್ತಾನೋ ಅದು ಅವನ ಕಾಲದ ಓದುಗರಿಗೆ ಪರಿಚಿತವಾಗಿರಬೇಕು. ಜಿನಾಲಯಕ್ಕೆ ಹೊಂದಿಕೊಂಡು ಚಿತ್ರಗಳನ್ನು ನೋಡುವ ಶಾಲೆಯಿತ್ತು ಎಂಬುದನ್ನು ಜಿನಸೇನರು ವಿಶೇಷವೆಂದು ವಿವರಿಸಲು ಹೋಗದೆ ಸಹಜವಾಗಿ ಹೇಳಿ ಮುಂದೆ ಸಾಗುತ್ತಾರೆ.

ಮಣಿಕಾರ ನಂದನ ಚಿತ್ರಸಭೆ

ಇನ್ನೊಂದು ಕಥೆ ಶ್ವೇತಾಂಬರ ಆಗಮವಾದ ಜ್ಞಾತಾಧರ್ಮಕಥೆಯಲ್ಲಿದೆ. ಇದು ವರ್ತಕನೊಬ್ಬನ ಕಥೆಯಾದುದರಿಂದ ನಮ್ಮಂಥವರು ಇದನ್ನು ವಿಶೇಷವಾಗಿ ಮನನ ಮಾಡಬೇಕು. ರಾಜಗೃಹದ ಮಣಿಕಾರ ನಂದನು ಶ್ರೀಮಂತ, ಶ್ರಾವಕವ್ರತಗಳನ್ನು ಪಡೆದವನು. ಬೇಸಗೆಯಲ್ಲಿ ಉಪವಾಸವಿದ್ದಾಗ ಬಾಯಾರಿಕೆಯಿಂದ ಬಳಲಿ, ಜನರಿಗಾಗಿ ಕೊಳ ಕಟ್ಟಿಸುವವರೇ ಧನ್ಯರೆಂದು ಅವನಿಗೆ ತೋರಿತು. ಶ್ರೇಣಿಕ ರಾಜನ ಅಪ್ಪಣೆ ಪಡೆದು ಊರ ಹೊರಗೆ ದೊಡ್ಡ ಪುಷ್ಕರಿಣಿಯನ್ನು ಕಟ್ಟಿಸಿದನು. ಅದರ ನಾಲ್ಕು ದಿಕ್ಕಿನ ತೋಪುಗಳಲ್ಲಿ ದಕ್ಷಿಣಕ್ಕೆ ಭೋಜನಶಾಲೆ, ಪಶ್ಚಿಮಕ್ಕೆ ಚಿಕಿತ್ಸಾಲಯ, ಉತ್ತರಕ್ಕೆ ಕ್ಷೌರ-ಅಲಂಕಾರಗಳ ಶಾಲೆ, ಪೂರ್ವಕ್ಕೆ ಚಿತ್ರಸಭೆಯನ್ನು ನಿರ್ಮಿಸಿದನು. ಚಿತ್ರಸಭೆಯಲ್ಲಿ ಬಣ್ಣದ ಚಿತ್ರಗಳು, ಮರದ ಕೆತ್ತನೆ, ಗಾರೆಯ ಕೆಲಸ ಎಲ್ಲವೂ ಇದ್ದವು. ಕುಳಿತು ನೋಡಲು ಆಸನಗಳಿದ್ದವು. ಬಂದವರನ್ನು ರಂಜಿಸಲು ವೇತನ ಪಡೆಯುವ ನಟರೂ ಇದ್ದರು. ಅನ್ನ, ಔಷಧಗಳ ಸಾಲಿನಲ್ಲಿಯೇ ಚಿತ್ರದರ್ಶನವನ್ನೂ ಸಾರ್ವಜನಿಕರ ಅಗತ್ಯವೆಂದು ಎಣಿಸಿದ ವರ್ತಕನ ಕಲ್ಪನೆ ಇಂದಿನ ದಾನಶೀಲರಿಗೂ ಆದರ್ಶಪ್ರಾಯವಾದುದು.

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಕೊಳಕ್ಕೆ ಬಂದವರೆಲ್ಲ ನಂದನನ್ನು ಹೊಗಳಿದರು. ಆ ಹೊಗಳಿಕೆ ಅವನಿಗೆ ಪ್ರಿಯವಾಯಿತು. ಮುಂದೆ ಅವನು ರೋಗಗಳಿಂದ ನರಳಿ, ಪುಷ್ಕರಿಣಿಯ ಮೇಲಿನ ಮೋಹವನ್ನು ಬಿಡಲಾರದೆ ಸತ್ತು, ಅದೇ ಕೊಳದಲ್ಲಿ ಕಪ್ಪೆಯಾಗಿ ಹುಟ್ಟಿದನು. ದಂಡೆಯ ಮೇಲೆ ಜನರು ನಂದನ ಹೆಸರು ಹೇಳುವುದನ್ನು ಕೇಳಿ ಕೇಳಿ ಆ ಕಪ್ಪೆಗೆ ಜಾತಿಸ್ಮರಣೆಯಾಯಿತು. ಅದು ಮತ್ತೆ ವ್ರತಗಳನ್ನು ಹಿಡಿದು, ಭಗವಾನ್ ಮಹಾವೀರರು ಬಂದಿರುವುದನ್ನು ತಿಳಿದು ದರ್ಶನಕ್ಕೆಂದು ಹೊರಟಿತು. ದಾರಿಯಲ್ಲಿ ಶ್ರೇಣಿಕನ ಪರಿವಾರದ ಕುದುರೆಯ ಕಾಲಿಗೆ ಸಿಕ್ಕಿ, ಶುಭಭಾವದಿಂದ ಪ್ರಾಣಬಿಟ್ಟು ದೇವನಾಯಿತು. ಜಿನಪೂಜೆಗೆ ಹೊರಟ ರಾಜಗೃಹದ ಕಪ್ಪೆಯನ್ನು ಸಮಂತಭದ್ರಾಚಾರ್ಯರೂ ರತ್ನಕರಂಡಕದಲ್ಲಿ ಪೂಜಾಫಲಕ್ಕೆ ದೃಷ್ಟಾಂತವಾಗಿ ಸ್ಮರಿಸಿರುವುದರಿಂದ ಇಂಥ ಕಥೆ ಎರಡೂ ಸಂಪ್ರದಾಯಗಳಿಗೆ ಪ್ರಿಯವಾದುದೆಂದು ತಿಳಿಯುತ್ತದೆ.

ನಂದನನ್ನು ಕೊಳಕ್ಕೆ ಕಟ್ಟಿಹಾಕಿದ್ದು ಚಿತ್ರಸಭೆಯ ಚಿತ್ರಗಳೆಂದು ಆಗಮವು ಹೇಳುವುದಿಲ್ಲ. ಅಲ್ಲಿಗೆ ಬಂದು ಚಿತ್ರ ನೋಡಿದ ಬಡಜನರು ಯಾರೂ ಕಪ್ಪೆಯಾಗಿ ಹುಟ್ಟಲಿಲ್ಲ. ನೋಡಿದವರು ಸುಖಪಟ್ಟು ತಮ್ಮ ದಾರಿ ಹಿಡಿದರು. ಕಟ್ಟಿಸಿದವನು ‘ನನ್ನದು’ ಎಂದು ಅಲ್ಲಿಯೇ ಉಳಿದನು. ಬಂಧನಕ್ಕೆ ಕಾರಣವಾದುದು ನೋಟವಲ್ಲ, ಮಮಕಾರ. ಕಲೆಯ ವಿಷಯದಲ್ಲಿ ಶ್ರಾವಕನು ತಿಳಿಯಬೇಕಾದ ಸೂಕ್ಷ್ಮವೆಲ್ಲ ಈ ಒಂದು ಕಥೆಯಲ್ಲಿ ಅಡಗಿದೆಯೆಂದು ನನ್ನ ಅಭಿಪ್ರಾಯ.

ಗೋಡೆ, ಶಿಲೆ, ಓಲೆಗರಿ

ಕಥೆಗಳಿಂದ ದಾಖಲೆಗಳಿಗೆ ಬಂದರೆ ಸಾಕ್ಷ್ಯಕ್ಕೆ ಕೊರತೆಯಿಲ್ಲ. ಎಲ್ಲೋರದ ಇಂದ್ರಸಭೆಯೆಂಬ ಜೈನ ಗುಹೆಯ ಮೇಲ್ಛಾವಣಿಯಲ್ಲಿ ವರ್ಣಚಿತ್ರಗಳ ಅವಶೇಷಗಳು ಇಂದಿಗೂ ಉಳಿದಿವೆ. ತಮಿಳುನಾಡಿನ ಪುದುಕೋಟೆಯ ಬಳಿಯ ಸಿತ್ತನ್ನವಾಸಲ್ ಗುಹಾಲಯದ ಮೇಲ್ಛಾವಣಿಯಲ್ಲಿ 9ನೇ ಶತಮಾನದ ಕಮಲದ ಕೊಳವೊಂದಿದೆ. ಅದರಲ್ಲಿ ಮೀನು, ಹಂಸ, ಆನೆ, ಎಮ್ಮೆಗಳ ನಡುವೆ ಭವ್ಯಜೀವಿಗಳು ತಾವರೆಗಳನ್ನು ಕೊಯ್ಯುತ್ತಿದ್ದಾರೆ. ಇದು ಸಮವಸರಣದ ಖಾತಿಕಾಭೂಮಿಯ ಚಿತ್ರಣವೆಂದು ವಿದ್ವಾಂಸರು ಗುರುತಿಸಿದ್ದಾರೆ. ವಿಜಯನಗರದ ಸೇನಾಪತಿ ಇರುಗಪ್ಪನು ಜಿನಕಂಚಿಯೆನಿಸಿದ ತಿರುಪ್ಪರುತ್ತಿಕುನ್ರದಲ್ಲಿ 14ನೇ ಶತಮಾನದ ಕೊನೆಯಲ್ಲಿ ಕಟ್ಟಿಸಿದ ಸಂಗೀತಮಂಟಪದ ಛಾವಣಿಯಲ್ಲಿ ಅನಂತರದ ಕಾಲದವರು ತೀರ್ಥಂಕರರ ಚರಿತ್ರೆಗಳನ್ನು ಸಾಲುಸಾಲಾಗಿ ಚಿತ್ರಿಸಿದರು.

ನಮ್ಮ ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಚಂದ್ರಗುಪ್ತ ಬಸದಿಯ ಶಿಲಾಜಾಲಂಧ್ರಗಳನ್ನು ನೋಡಿರಿ. ಬೆಳಕಿಗಾಗಿ ಬಿಟ್ಟ ಚೌಕಗಳ ನಡುವೆ ಶ್ರುತಕೇವಲಿ ಭದ್ರಬಾಹು ಮತ್ತು ಚಂದ್ರಗುಪ್ತರ ಚರಿತ್ರೆಯ ಸುಮಾರು 90 ದೃಶ್ಯಗಳನ್ನು ಶಿಲ್ಪಿ ದಾಸೋಜನು ಕೆತ್ತಿದ್ದಾನೆ. ಓದುಬರಹ ತಿಳಿಯದ ಯಾತ್ರಿಕನೂ ನಿಂತು, ಒಂದೊಂದನ್ನಾಗಿ ಕಂಡು, ಕಥೆಯನ್ನು ಗ್ರಹಿಸಬಹುದಾದ ಸಾಲುಚಿತ್ರಗಳವು.

ಇನ್ನು ಮೂಡುಬಿದಿರೆಯ ಓಲೆಗರಿಗಳ ಮಾತು. ವೀರಸೇನಾಚಾರ್ಯರು 816ರಲ್ಲಿ ಪೂರ್ಣಗೊಳಿಸಿದ ಧವಲಾ ಟೀಕೆಯೂ ಜಯಧವಲಾ, ಮಹಾಬಂಧಗಳೂ ನಮ್ಮ ಸಿದ್ಧಾಂತದ ಅತ್ಯಂತ ಗಹನವಾದ ಗ್ರಂಥಗಳು. ಕರ್ಮಪ್ರಕೃತಿಗಳ ಲೆಕ್ಕವನ್ನು ಬಲ್ಲವರಿಗಷ್ಟೇ ಅವು ತಿಳಿಯುತ್ತವೆ. 12ನೇ ಶತಮಾನದ ಆದಿಭಾಗದಲ್ಲಿ ಕನ್ನಡ ಲಿಪಿಯಲ್ಲಿ ಇವುಗಳ ಪ್ರತಿ ಬರೆಯಿಸಿದಾಗ, ಗರಿಗಳ ಮೇಲೆ ತೀರ್ಥಂಕರರು, ಶ್ರುತದೇವಿ, ಯಕ್ಷಯಕ್ಷಿಯರು, ಉಪದೇಶಿಸುವ ಮುನಿಗಳು, ಕೈಮುಗಿದ ಶ್ರಾವಕಶ್ರಾವಿಕೆಯರು ಇವರನ್ನು ಬಣ್ಣಗಳಲ್ಲಿ ಬರೆಯಿಸಿದರು. ಗ್ರಂಥಕ್ಕೆ ಅರ್ಥದ ದೃಷ್ಟಿಯಿಂದ ಈ ಚಿತ್ರಗಳು ಬೇಕಾಗಿಯೇ ಇರಲಿಲ್ಲ. ಪ್ರಶಸ್ತಿಗಳ ಪ್ರಕಾರ ಧವಲೆಯ ಪ್ರತಿಯನ್ನು ಶ್ರುತಪಂಚಮೀವ್ರತದ ಉದ್ಯಾಪನೆಯಲ್ಲಿ ದೇಮಿಯಕ್ಕನು ಶುಭಚಂದ್ರ ಸಿದ್ಧಾಂತದೇವರಿಗೆ ದಾನಮಾಡಿದಳು. ಮಹಾಬಂಧವನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದವಳು ಮಲ್ಲಿಕಬ್ಬೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯ ಪರಂಪರೆಯವರೇ ಇವರೂ. ವ್ರತ ಮುಗಿಸಿದ ಆ ಸಾಧ್ವಿಯರು ಶಾಸ್ತ್ರಕ್ಕೆ ಚಿತ್ರವನ್ನು ಕೂಡಿಸುವುದನ್ನು ಪ್ರಮಾದವೆಂದು ತಿಳಿಯಲಿಲ್ಲ.

ಶತಮಾನಗಳವರೆಗೆ ಈ ಪ್ರತಿಗಳು ಮೂಡುಬಿದಿರೆಯ ಗುರುಬಸದಿಯಲ್ಲಿದ್ದು, ಯಾತ್ರಿಕರಿಗೆ ಸಿದ್ಧಾಂತದರ್ಶನವೆಂಬ ಹೆಸರಿನಲ್ಲಿ ದರ್ಶನಮಾತ್ರಕ್ಕೆ ದೊರೆಯುತ್ತಿದ್ದವು. ದೂರದೂರದಿಂದ ಬಂದವರು ಓದಲಾರದ ಗ್ರಂಥವನ್ನು ಕಣ್ಣಿಂದ ನೋಡಿ ಕೈಮುಗಿದು ಹಿಂದಿರುಗುತ್ತಿದ್ದರು. 1939ರಿಂದ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲೆಯು ಮುದ್ರಣಗೊಂಡು ಓದುವವರ ಕೈಸೇರಿತು. ಚಿತ್ರಗಳು ಅದಕ್ಕೂ ತಡವಾಗಿ ಕಲಾ ಇತಿಹಾಸಕಾರರ ಪುಸ್ತಕಗಳ ಮೂಲಕ ಹೊರಗಿನವರಿಗೆ ಪರಿಚಯವಾದವು.

ಉತ್ತರದ ಸಹಧರ್ಮಿಗಳಲ್ಲಿ ಇನ್ನೊಂದು ಸುಂದರ ಪದ್ಧತಿಯಿದೆ. ಚಾತುರ್ಮಾಸದಲ್ಲಿ ಶತ್ರುಂಜಯದ ಯಾತ್ರೆ ನಿಲ್ಲುತ್ತದೆ; ಕಾರ್ತಿಕ ಪೂರ್ಣಿಮೆಯಂದು ಮತ್ತೆ ಆರಂಭವಾಗುತ್ತದೆ. ಅಂದು ಪಾಲಿತಾಣಕ್ಕೆ ಹೋಗಲಾರದವರಿಗಾಗಿ ಊರೂರುಗಳಲ್ಲಿ ಶತ್ರುಂಜಯದ ದೊಡ್ಡ ಬಟ್ಟೆಯ ಪಟವನ್ನು ತೂಗುಹಾಕುತ್ತಾರೆ. ಬೆಟ್ಟ, ಮೆಟ್ಟಿಲು, ಮಂದಿರ, ಯಾತ್ರಿಕರೆಲ್ಲರೂ ಅದರಲ್ಲಿದ್ದಾರೆ. ಜನರು ಅದರ ಮುಂದೆ ನಿಂತು ಕಣ್ಣಿನಿಂದಲೇ ಯಾತ್ರೆಯನ್ನು ಮುಗಿಸುತ್ತಾರೆ. ಕಲಾ ಪ್ರದರ್ಶನವೆಂಬ ಹೆಸರು ಹುಟ್ಟುವ ಮೊದಲೇ ನಮ್ಮವರಿಗೆ ಅದರ ಅಭ್ಯಾಸವಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಬಣ್ಣವೂ ಲೇಶ್ಯೆಯೂ

ಶ್ರವಣಬೆಳಗೊಳದ ಜೈನಮಠದ ಭಿತ್ತಿಚಿತ್ರಗಳನ್ನು ಯಾತ್ರೆಗೆ ಹೋದ ಪ್ರತಿಯೊಬ್ಬರೂ ನೋಡಿರಬಹುದು. ಆದರೆ ನಿಂತು ನೋಡಿದವರು ಕಡಿಮೆ. ಪಂಚಪರಮೇಷ್ಠಿಗಳು, ಪಾರ್ಶ್ವನಾಥರ ಸಮವಸರಣ, ಭರತ ಚಕ್ರವರ್ತಿಯ ಜೀವನಘಟನೆಗಳು, ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರು ಎಲ್ಲವೂ ಅಲ್ಲಿವೆ. ಇವುಗಳ ನಡುವೆ ಒಂದು ಕಾಡಿನ ದೃಶ್ಯವಿದೆ. ಹಣ್ಣು ತುಂಬಿದ ಮರವೊಂದರ ಸುತ್ತ ಆರು ಜನರಿದ್ದಾರೆ. ಇದು ಷಡ್ಲೇಶ್ಯೆಗಳ ಚಿತ್ರ.

ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ನೀಡಿದ ದೃಷ್ಟಾಂತವಿದು. ಹಸಿದ ಆರು ಪಥಿಕರಲ್ಲಿ ಒಬ್ಬನು ಮರವನ್ನು ಬುಡಸಹಿತ ಕೀಳಲು ಬಯಸುತ್ತಾನೆ. ಎರಡನೆಯವನು ಕಾಂಡವನ್ನು, ಮೂರನೆಯವನು ದೊಡ್ಡ ಕೊಂಬೆಗಳನ್ನು, ನಾಲ್ಕನೆಯವನು ಚಿಕ್ಕ ರೆಂಬೆಗಳನ್ನು ಕಡಿಯಬೇಕೆನ್ನುತ್ತಾನೆ. ಐದನೆಯವನಿಗೆ ಹಣ್ಣು ಕಿತ್ತರೆ ಸಾಕು. ಆರನೆಯವನು ನೆಲದ ಮೇಲೆ ಬಿದ್ದ ಹಣ್ಣನ್ನು ಆರಿಸಿಕೊಂಡು ತೃಪ್ತನಾಗುತ್ತಾನೆ. ಹಸಿವು ಆರು ಜನರಿಗೂ ಒಂದೇ. ಪರಿಣಾಮದ ಭೇದದಿಂದ ಅವರು ಕೃಷ್ಣ, ನೀಲ, ಕಪೋತ, ಪೀತ, ಪದ್ಮ, ಶುಕ್ಲ ಎಂಬ ಆರು ಲೇಶ್ಯೆಗಳವರಾದರು.

ಜೀವದ ಅಂತರಂಗದ ಸ್ಥಿತಿಯನ್ನು ಬಣ್ಣಗಳ ಹೆಸರಿನಿಂದಲೇ ಕರೆದ ಪರಂಪರೆ ನಮ್ಮದು. ಬಣ್ಣವೆಂದರೆ ಕೇವಲ ಇಂದ್ರಿಯಸುಖವೆಂದು ಜೈನರು ಭಾವಿಸಿದ್ದರೆ ಮನಸ್ಸಿನ ಶುದ್ಧಿ-ಅಶುದ್ಧಿಗಳನ್ನು ಕಪ್ಪು, ನೀಲಿ, ಪಾರಿವಾಳದ ಬೂದಿ, ಹಳದಿ, ತಾವರೆ, ಬಿಳುಪು ಎಂದು ವರ್ಣಿಸುತ್ತಿರಲಿಲ್ಲ. ಮಠದ ಗೋಡೆಯ ಮೇಲೆ ಅದನ್ನು ಬರೆದ ಹೆಸರಿಲ್ಲದ ಚಿತ್ರಕಾರನು, ಗ್ರಂಥದಲ್ಲಿ ಪಂಡಿತರಿಗೆ ಮಾತ್ರ ತಿಳಿಯುತ್ತಿದ್ದುದನ್ನು ಅಜ್ಜಿಯ ಕೈಹಿಡಿದು ಬಂದ ಮಗುವಿಗೂ ತಿಳಿಯುವಂತೆ ಮಾಡಿದನು.

ಆಕ್ಷೇಪಗಳಿಗೆ ಸಮಾಧಾನ

ಈಗ ಮೊದಲಿನ ಆಕ್ಷೇಪಗಳಿಗೆ ಬರೋಣ. ರೂಪದರ್ಶನವು ಬಂಧನವೆಂಬ ಮಾತಿಗೆ ಲೇಶ್ಯಾವೃಕ್ಷವೇ ಉತ್ತರ. ಮರವನ್ನು ಕಂಡುದು ದೋಷವಲ್ಲ; ಕಂಡುದನ್ನು ಹೇಗೆ ಬಯಸಿದರೆಂಬುದರಲ್ಲಿ ಭೇದವಿದೆ. ಪ್ರದರ್ಶನದಲ್ಲಿ ನೂರು ಚಿತ್ರಗಳನ್ನು ನೋಡಿ ಒಂದನ್ನೂ ಮನೆಗೆ ತರದೆ, ತರಬೇಕೆಂದು ಬಯಸದೆ, ಸಂತೋಷವನ್ನು ಮಾತ್ರ ತಂದವನು ನೆಲದ ಹಣ್ಣನ್ನು ಆರಿಸಿಕೊಂಡ ಆರನೆಯ ಪಥಿಕನಿಗೆ ಸಮೀಪನಾದವನು. ವ್ಯಾಪಾರಿಯ ಮಾತಿನಲ್ಲಿ ಹೇಳುವುದಾದರೆ, ನಮ್ಮ ದಾಸ್ತಾನಿನಲ್ಲಿರುವ ಸರಕನ್ನು ಒಬ್ಬನು ಒಯ್ದರೆ ಇನ್ನೊಬ್ಬನಿಗೆ ಕಡಿಮೆಯಾಗುತ್ತದೆ. ಚಿತ್ರವನ್ನು ಸಾವಿರ ಜನ ನೋಡಿದರೂ ಸಾವಿರದೊಂದನೆಯವನಿಗೆ ಅದು ಪೂರ್ಣವಾಗಿಯೇ ದೊರೆಯುತ್ತದೆ. ಪರಿಗ್ರಹವಿಲ್ಲದ ಭೋಗವೊಂದು ಗೃಹಸ್ಥನಿಗೆ ಉಂಟಾದರೆ ಅದು ಇದೇ. ಪರಿಗ್ರಹಪರಿಮಾಣ ವ್ರತವನ್ನು ಹಿಡಿದವನಿಗೆ ಇದಕ್ಕಿಂತ ನಿರ್ದೋಷವಾದ ವಿನೋದವನ್ನು ನಾನು ಕಾಣೆ. ಕೆಲವರು ಚಿತ್ರಗಳನ್ನು ಬೆಲೆ ಏರುವ ಆಸ್ತಿಯೆಂದು ಕೊಂಡು ಕತ್ತಲೆಯ ಕೋಣೆಯಲ್ಲಿ ಬೀಗಹಾಕಿಡುತ್ತಾರೆ. ಅದು ಬೇರೆಯ ವಿಷಯ. ಅವರು ಮಣಿಕಾರ ನಂದನ ಕಥೆಯನ್ನು ಓದಬೇಕು.

ಬರೆಯುವ ಹವ್ಯಾಸವು ಪ್ರಮಾದವೇ? ಪ್ರಮಾದವೆಂದರೆ ಎಚ್ಚರಗೇಡಿತನ. ಆಚಾರ್ಯರು ಪ್ರಮಾದಚರ್ಯೆಗೆ ಕೊಟ್ಟ ಉದಾಹರಣೆಗಳು ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು, ಗಿಡ ಕಡಿಯುವುದು ಇಂಥವು. ಒಂದು ಎಲೆಯನ್ನು ಬರೆಯಲು ಕುಳಿತವನು ಅದನ್ನು ಕೀಳುವುದಿಲ್ಲ. ಅರ್ಧ ಗಂಟೆ ಅದರ ನರಗಳನ್ನು ಎಣಿಸುತ್ತಾನೆ. ಆ ಅರ್ಧ ಗಂಟೆಯಲ್ಲಿ ಅವನು ಯಾರನ್ನೂ ನಿಂದಿಸುವುದಿಲ್ಲ, ಯಾವ ಲಾಭನಷ್ಟವನ್ನೂ ಲೆಕ್ಕ ಹಾಕುವುದಿಲ್ಲ. ಇದು ಸಾಮಾಯಿಕವಲ್ಲ, ಸಾಮಾಯಿಕಕ್ಕೆ ಸಮಾನವೂ ಅಲ್ಲ. ಆದರೆ ಒಂದೆಡೆ ನಿಲ್ಲದ ಮನಸ್ಸಿಗೆ ಒಂದೆಡೆ ನಿಲ್ಲುವ ಅಭ್ಯಾಸವನ್ನು ಇದು ಕೊಡುತ್ತದೆ. ಆರಾಧನೆಗಳಲ್ಲಿ ಬಣ್ಣದ ಪುಡಿಗಳಿಂದ ಮಂಡಲ ರಚಿಸುವಾಗ, ಅಕ್ಷತೆಯಿಂದ ಸ್ವಸ್ತಿಕವನ್ನು ಬರೆಯುವಾಗ ನಮ್ಮ ತಾಯಂದಿರು ತೋರುವ ಏಕಾಗ್ರತೆ ಇದೇ ಜಾತಿಯದು. ಬಹು ಶ್ರಮದಿಂದ ಬರೆದ ಮಂಡಲವನ್ನು ಪೂಜೆ ಮುಗಿದ ಮೇಲೆ ಮೋಹವಿಲ್ಲದೆ ವಿಸರ್ಜಿಸುವುದನ್ನೂ ಅವರೇ ನಮಗೆ ಕಲಿಸಿದ್ದಾರೆ.

ಒಂದು ವಿಷಯದಲ್ಲಿ ಮಾತ್ರ ಎಚ್ಚರಿಕೆ ಅಗತ್ಯ. ಚಿತ್ರಸಾಮಗ್ರಿಯಲ್ಲಿ ಹಿಂಸೆಯ ಪ್ರಶ್ನೆಯಿದೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಚಿತ್ರಕ್ಕೆ ಬಳಸುವ ವಜ್ರಲೇಪವನ್ನು ಎಮ್ಮೆಯ ಚರ್ಮವನ್ನು ಬೇಯಿಸಿ ತಯಾರಿಸುವ ವಿಧಾನವಿದೆ. ಇಂದಿಗೂ ಅಳಿಲು ಮುಂತಾದ ಪ್ರಾಣಿಗಳ ರೋಮದ ಕುಂಚಗಳು ಅಂಗಡಿಯಲ್ಲಿ ದೊರೆಯುತ್ತವೆ. ಐವರಿ ಬ್ಲ್ಯಾಕ್ ಎಂಬ ಕಪ್ಪು ಬಣ್ಣವನ್ನು ಸುಟ್ಟ ಮೂಳೆಯಿಂದ ಮಾಡುತ್ತಾರೆ. ಕಾರ್ಮೈನ್ ಎಂಬ ಕೆಂಪನ್ನು ಕೀಟಗಳಿಂದ ತೆಗೆಯುತ್ತಾರೆ. ಜಲವರ್ಣದ ಅನೇಕ ಕಾಗದಗಳಿಗೆ ಜೆಲಟಿನ್ ಲೇಪವಿರುತ್ತದೆ. ಕೊಳ್ಳುವ ಮೊದಲು ವಿಚಾರಿಸುವುದು ಶ್ರಾವಕನ ಕರ್ತವ್ಯ. ಪರ್ಯಾಯಗಳಿಗೆ ಬರವಿಲ್ಲ. ನೈಲಾನ್ ಎಳೆಯ ಕುಂಚಗಳಿವೆ. ದೀಪದ ಕಾಡಿಗೆಯ ಕಪ್ಪು, ಗೈರಿಕವೆಂಬ ಕೆಮ್ಮಣ್ಣು, ನೀಲಿಗಿಡದ ನೀಲಿ ನಮ್ಮ ದೇಶದ ಹಳೆಯ ಬಣ್ಣಗಳೇ ಆಗಿವೆ. ಬೇವಿನ ಮತ್ತು ಜಾಲಿಯ ಅಂಟನ್ನು ಹಿಂದಿನ ಚಿತ್ರಕಾರರೂ ಬಳಸಿದ್ದಾರೆ. ಅಹಿಂಸೆಯನ್ನು ಅಡುಗೆಮನೆಯಲ್ಲಿ ಪಾಲಿಸಿ ಬಣ್ಣದ ಪೆಟ್ಟಿಗೆಯಲ್ಲಿ ಮರೆಯುವುದು ತರವಲ್ಲ.

ಬಸದಿಯ ಸಮಿತಿಗಳಲ್ಲಿ ಒಂದು ವಿನಂತಿ

ಇಷ್ಟು ಶ್ರೀಮಂತವಾದ ಪರಂಪರೆಯನ್ನು ಉಳಿಸಿಕೊಳ್ಳುವ ಹೊಣೆ ನಮ್ಮ ಮೇಲಿದೆ. ಆದರೆ ನಡೆಯುತ್ತಿರುವುದು ಬೇರೆಯೇ ಆಗಿದೆ. ನಾನು ಬಲ್ಲ ಬಸದಿಯೊಂದರಲ್ಲಿ ಹಳೆಯ ಭಿತ್ತಿಚಿತ್ರಗಳು ಮಸುಕಾಗಿವೆಯೆಂದು ಜೀರ್ಣೋದ್ಧಾರದ ಸಮಯದಲ್ಲಿ ಅವುಗಳ ಮೇಲೆ ಹೊಳೆಯುವ ಎಣ್ಣೆಬಣ್ಣವನ್ನು ಬಳಿಸಲಾಯಿತು. ಕೆಲಸ ಮಾಡಿಸಿದವರ ಉದ್ದೇಶದಲ್ಲಿ ದೋಷವಿರಲಿಲ್ಲ, ಭಕ್ತಿಯೇ ಇತ್ತು. ದಾನಿಯ ಹೆಸರಿನ ಅಮೃತಶಿಲೆಯ ಫಲಕವೂ ಏರಿತು. ಹಳೆಯ ಚಿತ್ರಕಾರನ ರೇಖೆ ಮಾತ್ರ ಶಾಶ್ವತವಾಗಿ ಮುಚ್ಚಿಹೋಯಿತು. ನಂದನಿಗೆ ಕೊಳದ ಮೇಲಿದ್ದ ಮೋಹವು ನಮ್ಮ ಕಾಲದಲ್ಲಿ ಫಲಕದ ರೂಪವನ್ನು ತಾಳುತ್ತಿದೆಯೇ ಎಂದು ನಾವು ಕೇಳಿಕೊಳ್ಳಬೇಕಾಗಿದೆ.

ಆದುದರಿಂದ ಬಸದಿಗಳ ಆಡಳಿತ ಸಮಿತಿಗಳಲ್ಲಿ ಕೆಲವು ಸಲಹೆಗಳನ್ನು ವಿನಯದಿಂದ ಮುಂದಿಡುತ್ತೇನೆ. ಹಳೆಯ ಚಿತ್ರಗಳಿಗೆ ಸುಣ್ಣ, ಎಣ್ಣೆಬಣ್ಣ, ವಾರ್ನಿಷು ಯಾವುದನ್ನೂ ಬಳಿಯಬಾರದು, ನೀರಿನಿಂದ ತೊಳೆಯಲೂಬಾರದು. ಮೊದಲು ಮಾಡಬೇಕಾದುದು ಛಾವಣಿಯ ಸೋರಿಕೆಯನ್ನು ನಿಲ್ಲಿಸುವುದು ಮತ್ತು ದೀಪದ ಹೊಗೆ ತಗಲದಂತೆ ದೀಪಗಳ ಸ್ಥಾನವನ್ನು ಬದಲಿಸುವುದು. ಇವೆರಡಕ್ಕೂ ಹೆಚ್ಚು ಹಣ ಬೇಕಿಲ್ಲ. ಅನಂತರ ಪ್ರತಿಯೊಂದು ಚಿತ್ರದ ಛಾಯಾಚಿತ್ರವನ್ನು ತೆಗೆಸಿ ದಾಖಲೆಯಲ್ಲಿಡಬೇಕು. ದುರಸ್ತಿ ಬೇಕೆನಿಸಿದರೆ ಪುರಾತತ್ತ್ವ ಇಲಾಖೆಯ ಅಥವಾ ಇಂಟ್ಯಾಕ್ ಸಂಸ್ಥೆಯ ತಜ್ಞರ ಸಲಹೆಯಿಲ್ಲದೆ ಕುಂಚ ಮುಟ್ಟಿಸಬಾರದು.

ಚಿತ್ರಗಳನ್ನು ಉಳಿಸಿದರೆ ಸಾಲದು. ನೋಡುವ ಕಣ್ಣುಗಳನ್ನೂ ಬೆಳೆಸಬೇಕು. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಲ್ಲಿ ಆರಂಭಿಸಿದ ಚಿತ್ರಸಂತೆಯಲ್ಲಿ ಕುಮಾರಕೃಪಾ ರಸ್ತೆಯ ಉದ್ದಕ್ಕೂ ಕಲಾವಿದರು ಕುಳಿತು ತಮ್ಮ ಚಿತ್ರಗಳನ್ನು ಸಾಮಾನ್ಯ ಜನರ ಮುಂದಿಡುತ್ತಾರೆ. ಮೈಸೂರಿನ ಜಗನ್ಮೋಹನ ಅರಮನೆಯ ಕಲಾಶಾಲೆಯೂ, ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯವೂ ನಮ್ಮ ನಾಡಿನಲ್ಲಿಯೇ ಇವೆ. ಅಹಮದಾಬಾದಿನಲ್ಲಿ ಜೈನ ಉದ್ಯಮಿ ಕಸ್ತೂರಭಾಯಿ ಲಾಲಭಾಯಿಯವರು ಮುನಿ ಪುಣ್ಯವಿಜಯರ ಪ್ರೇರಣೆಯಿಂದ ಕಟ್ಟಿದ ಲಾಲಭಾಯಿ ದಲಪತಭಾಯಿ ಸಂಸ್ಥೆಯ ಮೂಲಕ ಸಾವಿರಾರು ಹಸ್ತಪ್ರತಿಗಳು ಸಾರ್ವಜನಿಕ ಸಂಪತ್ತಾದವು. ಇಂಥ ಸ್ಥಳಗಳಿಗೆ ಮಕ್ಕಳನ್ನು ಕರೆದೊಯ್ಯುವುದು ತೀರ್ಥಯಾತ್ರೆಗೆ ಸಮನಲ್ಲದಿದ್ದರೂ ತೀರ್ಥಕ್ಷೇತ್ರದ ಗೋಡೆಯ ಮುಂದೆ ನಿಂತು ನೋಡುವ ಅಭ್ಯಾಸವನ್ನು ಅದು ಖಂಡಿತ ಕಲಿಸುತ್ತದೆ.

ಕೊನೆಯದಾಗಿ, ಜ್ಯೇಷ್ಠ ಶುಕ್ಲ ಪಂಚಮಿಯ ಶ್ರುತಪಂಚಮಿಯಂದು ನಮ್ಮ ಬಸದಿಗಳಲ್ಲಿ ಶಾಸ್ತ್ರಗ್ರಂಥಗಳನ್ನು ಹೊರಗಿಟ್ಟು ಪೂಜಿಸುತ್ತೇವೆ. ದೇಮಿಯಕ್ಕನು ಚಿತ್ರಸಹಿತವಾದ ಧವಲೆಯನ್ನು ದಾನಮಾಡಿದ್ದು ಈ ವ್ರತದ ಅಂಗವಾಗಿಯೇ ಎಂಬುದನ್ನು ನೆನೆದು, ಅದೇ ದಿನ ಬಸದಿಯ ಪ್ರಾಂಗಣದಲ್ಲಿ ಊರಿನ ಶ್ರಾವಕಶ್ರಾವಿಕೆಯರೂ ಮಕ್ಕಳೂ ಬರೆದ ಚಿತ್ರಗಳ ಪ್ರದರ್ಶನವೊಂದನ್ನು ಏರ್ಪಡಿಸಬಹುದು. ಬಹುಮಾನಗಳು ಬೇಡ, ಫಲಕಗಳು ಬೇಡ, ಮಾರಾಟವೂ ಬೇಡ. ಲೇಶ್ಯಾವೃಕ್ಷವನ್ನೋ, ಬಾಹುಬಲಿಯ ಕಾಲಿಗೆ ಹಬ್ಬಿದ ಬಳ್ಳಿಯನ್ನೋ, ತಮ್ಮ ಮನೆಯಂಗಳದ ಒಂದು ಹೂವನ್ನೋ ಯಾರು ಬೇಕಾದರೂ ಬರೆದು ತರಲಿ. ಬಂದವರು ಮೊದಲು ಜಿನದರ್ಶನ ಮಾಡಿ, ಅನಂತರ ಚಿತ್ರಗಳನ್ನು ನೋಡಿ, ಪ್ರಸಾದ ಸ್ವೀಕರಿಸಿ ಮನೆಗೆ ಹೋಗಲಿ. ವಜ್ರಜಂಘನು ಮಹಾಪೂತ ಜಿನಾಲಯದಲ್ಲಿ ನಡೆದ ಕ್ರಮವೂ ಅದೇ ಆಗಿತ್ತು. ಮುಂದಿನ ಶ್ರುತಪಂಚಮಿಗೆ ಇನ್ನೂ ಸಮಯವಿರುವುದರಿಂದ ಸಮಿತಿಗಳು ಈ ವಿಷಯವನ್ನು ತಮ್ಮ ಸಭೆಗಳಲ್ಲಿ ಪರಿಶೀಲಿಸಬೇಕೆಂದು ಪ್ರಾರ್ಥಿಸುತ್ತೇನೆ.